ಸುಗಲಮ್ಮನ ಗೈರುಹಾಜರಿ

ಹದಿಮೂರನೆಯ ದಿನವೂ ಸುಗಲಮ್ಮ ಗೈರು.

"ಒಂಬತ್ತು ಮಂದಿ ದಿನಾ ಬರ್ತಾರ. ಈಕಿ ಒಬ್ಬಾಕಿ ಬರದಿದ್ದಕ್ಕ ಮೆಣಸಿನ ಸಸಿ ಬಾಡಾಕತ್ತಾವ!" ಮರಿಲಿಂಗಪ್ಪ ಮೊಬೈಲನ್ನು ಮೌನೇಶ್ವರಿಯ ಮೂಗಿಗೆ ಹಿಡಿದ. "ನಾಳೆ ಏಳಕ್ಕ ಹೋಗಿ ಆಕಿನ್ನ ಕೆಲಸದಿಂದ ಬಿಡಸ್ತೀನಿ. ನೀನೂ ಬಾ ತಂಗಿ. ನಿನ್ನ ಆ್ಯಪೇ ಸಾಕ್ಷಿ."

ಸಾವ್ಕಾರ ಮರಿಲಿಂಗಪ್ಪ ಇರುವುದು ಸುರಪುರದಲ್ಲಿ. ಅವನ ಸಸಿಗಳ ನರ್ಸರಿ ಹುಣಸಗಿಯ ಕಾಲುವೆ ಪಕ್ಕದಲ್ಲಿ. ನಡುವೆ ಮೌನೇಶ್ವರಿ ಮಾಡಿಕೊಟ್ಟ ಹಾಜರಿ ಆ್ಯಪ್. ಯಾವ ಕಂಪನಿಯ ಫೋನಿಗಾದರೂ ಹಿಡಿಸುವಂತೆ ಒಂದೇ ಅಳತೆಗೆ ಹೊಲಿದ ಅಂಗಿ. ಮೊದಲು ಹೆಸರು ಒತ್ತಿದರೆ ಹಾಜರಿ ಬೀಳುತ್ತಿತ್ತು. ಮಂದಿ ಹಾಸಿಗೆಯಿಂದಲೇ ಒತ್ತಿದರು. ಅವಳು ಜಿಪಿಎಸ್ ಸೇರಿಸಿದಳು. ಫೋನುಗಳು ನರ್ಸರಿಗೆ ಬಂದವು, ಮಂದಿ ಬರಲಿಲ್ಲ. ಕೊನೆಗೆ ಬೆರಳಚ್ಚು ಕೇಳುವ ಪ್ಲಗಿನ್ ಎಂಬ ತುಣುಕು ಸೇರಿಸಿ ಗೆದ್ದಳು. ಬೆರಳನ್ನು ಯಾರ ಕೈಲಿ ಕೊಟ್ಟು ಕಳಿಸುತ್ತಾರೆ?

ಆ ಪ್ಲಗಿನ್ ಎಂದರೆ ಅವಳಿಗೆ ಅಜ್ಜಿ ಹೇಳುತ್ತಿದ್ದ ಕಥೆಯ ಗಿಳಿ. ರಾಕ್ಷಸನ ಜೀವವನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಾಯಿ ಬಿಡದ ಗಿಳಿ. ಫೋನೂ ಹಾಗೆಯೇ. ಬೆರಳಿನ ಗುಟ್ಟನ್ನು ಆ್ಯಪಿಗೆ ಹೇಳುವುದಿಲ್ಲ. ಬೆರಳು ತನಗೆ ಗೊತ್ತಿದ್ದರೆ 'ಹೌದು', ಇಲ್ಲದಿದ್ದರೆ 'ಅಲ್ಲ', ಎರಡೇ ಮಾತು.

ಮರುದಿನ ಬೆಳಗ್ಗೆ ಕಾರಿನಲ್ಲಿ ಮೌನೇಶ್ವರಿಗೆ ಸುಗಲಮ್ಮನದೇ ನೆನಪು. ಆ್ಯಪ್ ಹಾಕಿಕೊಟ್ಟ ದಿನ ಸುಗಲಮ್ಮ ಹೆಬ್ಬೆರಳು ನೋಡಿಕೊಂಡು, "ಒತ್ತಿದ್ರ ನನ್ನ ಹೊಲಾ ಹೋಗಂಗಿಲ್ಲಲ್ಲವ್ವ?" ಎಂದು ನಕ್ಕಿದ್ದಳು. ಈಗ ಅದೇ ಆ್ಯಪ್ ಮುದುಕಿಯ ಕೂಲಿ ಕಸಿಯಲು ಹೊರಟಿದೆ.

"ಜಡ್ಡು ಬಂದಿರಬೇಕ್ರಿ ಸಾವ್ಕಾರ್ರ."

"ಹದಿಮೂರು ದಿನ ಜಡ್ಡ? ಉಳಿದವ್ರನ್ನ ನೋಡು. ಏಳಕ್ಕ ಶುರು, ಎರಡು ನಿಮಿಷದಾಗ ಒಂಬತ್ತೂ ಹಾಜರಿ. ಪೊಲೀಸ್ ಪರೇಡಿನ್ಯಾಗೂ ಇಂಥ ಶಿಸ್ತು ಇರಂಗಿಲ್ಲ!"

ಕಾರು ನಿಂತಾಗ ಸರಿಯಾಗಿ ಏಳು ಗಂಟೆ. ನರ್ಸರಿಯಲ್ಲಿ ನರಪಿಳ್ಳೆ ಇಲ್ಲ. ಹಸಿರು ಪರದೆಯ ಕೆಳಗೆ ಒಬ್ಬಳೇ ಒಬ್ಬಳು ಮುದುಕಿ, ಸುಗಲಮ್ಮ. ಎಡಗೈಯಲ್ಲಿ ನೀರಿನ ಪೈಪು. ಮುಂದೆ ಸಸಿ ಟ್ರೇಯಲ್ಲಿ ಸಾಲಾಗಿ ಒಂಬತ್ತು ಫೋನು. ಬಲಗೈ ಹೆಬ್ಬೆರಳನ್ನು ಸೆರಗಿಗೆ ಒರೆಸಿ ಒಂದೊಂದರ ಮೇಲೂ ಒತ್ತುತ್ತಿದ್ದಳು.

"ಇದು ದೇವಕಮ್ಮಂದು, ಇದು ಭೀಮುಂದು..." ತಲೆ ಎತ್ತಿದಳು. "ಬರ್ರಿ ಸಾವ್ಕಾರ್ರ. ಎಲ್ಲಾರೂ ಹತ್ತಿ ಬಿಡಸಾಕ ಹೋಗ್ಯಾರ. ಪಾಪ, ತಮ್ಮ ಫೋನಿನ್ಯಾಗ ನನ್ನ ಬೆರಳೂ ಕೂಡಿಸಿ ಕೊಟ್ಟಾರ."

ಮರಿಲಿಂಗಪ್ಪ ಬಗ್ಗಿ ಟ್ರೇಯಲ್ಲಿದ್ದ ಫೋನುಗಳನ್ನು ಎಣಿಸತೊಡಗಿದ. ಮೌನೇಶ್ವರಿ ಕೇಳಿದಳು. "ಆಯಿ, ಮತ್ತ ನಿನ್ನ ಹಾಜರಿ?"

"ಬರದವ್ರಿಗೆ ಹಾಜರಿ ಒತ್ತಬೇಕವ್ವ. ನಾ ದಿನಾ ಬರ್ತೀನಲ್ಲ, ನನಗ್ಯಾಕ?"