ಹೆದರಿದ ವಿಮಾನ

ಸುಟ್ಟ ರಬ್ಬರಿನ ವಾಸನೆ ಬಂದಾಗಲೆಲ್ಲ ಅನಸೂಯಾಳಿಗೆ ಅಪ್ಪನ ಪಂಕ್ಚರ್ ಅಂಗಡಿ ನೆನಪಾಗುತ್ತಿತ್ತು. ಇಂದು ಆ ವಾಸನೆ ಬಂದದ್ದು ಅವಳೇ ಮಾತು ಕಲಿಸಿ ಪಳಗಿಸಿದ ಸರಕು ವಿಮಾನದ ಗಾಲಿಗಳಿಂದ. ಇನ್ನೇನು ನೆಲ ಬಿಡಬೇಕು ಎನ್ನುವಾಗ ಅದು ಹೆದರಿ ಬ್ರೇಕ್ ಹಾಕಿ, ರನ್‌ವೇ ದಾಟಿ, ಹೊತ್ತಿದ್ದ ಈರುಳ್ಳಿ ಮೂಟೆಗಳ ಸಮೇತ ಮಣ್ಣಿಗೆ ಮೂಗೂರಿತ್ತು. ಹೀಗೆ ಹೆದರಿದ ವಿಮಾನದ ಬುದ್ಧಿಯನ್ನು ಅಂದೇ ನಂದಿಸಿಬಿಡುವುದು ನಿಯಮ.

“ಯಕ್ಕಾ, ಉಳ್ಳಾಗಡ್ಡಿ ಎಲ್ಲಾ ಚೆಲ್ಲಿದ್ವು. ಬೈತಿಯೇನು?” ಎಂದಿತು ವಿಮಾನ.

“ಇಲ್ಲೋ ಯಪ್ಪಾ.”

“ನಾಳೆ ಹೊಸಾ ಗಾಲಿ ಹಾಕ್ತಾರಲ್ಲ?”

ಅವಳು ಅದರ ಮೂಗಿಗೆ ಮೆತ್ತಿದ್ದ ಮಣ್ಣನ್ನು ಸೆರಗಿನಿಂದ ಒರೆಸಿದಳು.

ವಿಮಾನದ ಬುದ್ಧಿಯ ವೈರು ಕತ್ತರಿಸಲು ಬಂದಿದ್ದ ಮೆಕ್ಯಾನಿಕ್ ದಸ್ತಗೀರ್ ಗಡಿಯಾರ ನೋಡಿದ. ಆಮೇಲೆ ಕಟಿಂಗ್ ಪ್ಲೇಯರನ್ನು ಜೇಬಿಗೆ ಹಾಕಿಕೊಂಡ.

“ಅದರ ಕೂಡ ಮಾತಾಡ್ಕೋತ ನಿಧಾನ ಉಣ್ರಿ, ಅಕ್ಕಾರ. ನಿಮ್ಮ ಊಟ ಆಗೂತನಕಾ ನಾ ಕಾಯ್ತೀನಿ,” ಎಂದು ಮೆಲ್ಲಗೆ ಹೇಳಿ, ತನ್ನ ಬುತ್ತಿಯ ಡಬ್ಬಿಯನ್ನು ಅವಳ ಕೈಗಿತ್ತ.