ಸಪ್ಪೆ ಚಹಾ

ಕಪ್ಪಿನಲ್ಲಿದ್ದ ಹಸಿರು ಚಹಾವನ್ನು ಮುರಗೆಪ್ಪ ಹನಿಯೂ ಉಳಿಸದೆ ಕುಡಿದು, ಖಾಲಿ ಕಪ್ಪನ್ನು ಎರಡೂ ಕೈಯಿಂದ ಹೆಂಡತಿಗೆ ಕೊಟ್ಟ.

"ಭಾಳ ಚಲೋ ಆಗಿತ್ರಿ ಅವ್ವಾರ."

ಅಕ್ಕವ್ವ ಕಪ್ಪು ಇಸಿದುಕೊಂಡು ಅವನ ಮುಖವನ್ನೇ ನೋಡಿದಳು. ಚಹಾಕ್ಕೆ ಚಿಟಿಕೆ ಸಕ್ಕರೆ ಕಡಿಮೆಯಾದರೂ ಅವಳ ತವರಿನ ಏಳು ತಲೆಮಾರನ್ನು ಜಾಲಾಡುತ್ತಿದ್ದ ಗಂಡ ಇವನೇ. ಅವಳೇನು ಕಡಿಮೆಯಲ್ಲ, ಒಂದಕ್ಕೆ ಎರಡು ತಿರುಗಿಸಿ ಕೊಡುವವಳು. ಸುಗ್ಗಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಮೇಲಿಂದ ತಲೆಕೆಳಗಾಗಿ ಬಿದ್ದವನನ್ನು ಮಿರಜದ ಡಾಕ್ಟರರು ಹೊಲಿದು ಕಳಿಸಿದರು. ಜೀವ ಬಂತು, ಕೈಕಾಲು ಬಂದವು. ಬೈಗುಳ ಬರಲಿಲ್ಲ, ಹೆಂಡತಿಯ ಗುರುತೂ ಬರಲಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣಲಿಕ್ಕೆ ನೀಡುವ ಯಾರೋ ಪುಣ್ಯವಂತೆ ಎಂದುಕೊಂಡು ಅವಳಿಗೆ ಕೈಮುಗಿಯುತ್ತಿದ್ದ.

ಶಿರಗುಪ್ಪಿಯ ಜನಕ್ಕೆ ಈ ಹೊಸ ಮುರಗೆಪ್ಪ ಬಹಳ ಹಿಡಿಸಿದ. ದೇವರಂಥಾ ಮನುಷ್ಯ ಆದ ಎಂದು ಓಣಿಯ ಹೆಂಗಸರು ಹೊಟ್ಟೆಕಿಚ್ಚು ಪಟ್ಟರು. ನೆರೆಮನೆಯ ಸೋನಾಬಾಯಿಯಂತೂ ತನ್ನ ಗಂಡನನ್ನೂ ಒಮ್ಮೆ ಟ್ರ್ಯಾಕ್ಟರ್ ಹತ್ತಿಸುವ ವಿಚಾರದಲ್ಲಿದ್ದಳು. ಅಕ್ಕವ್ವ ಮಾತ್ರ ತನ್ನ ಮನೆಯಲ್ಲೇ ಪರಗಂಡಸಿನ ಮುಂದೆ ಓಡಾಡಿದಂತೆ ಸೆರಗು ಎಳೆದುಕೊಂಡು ಓಡಾಡುತ್ತಿದ್ದಳು. ಅವಳಿಗೆ ದೇವರು ಬೇಕಾಗಿರಲಿಲ್ಲ, ಗಂಡ ಬೇಕಾಗಿದ್ದ.

ಹಸಿರು ಚಹಾದ ಡಬ್ಬಿ ಕಳಿಸಿದವನು ಅವಳ ತಮ್ಮ ರಾವಸಾಹೇಬ. ಪುಣೆಯಲ್ಲಿ ಔಷಧಿ ಕಂಪನಿಯ ಚೀಲ ಹೊತ್ತು ಡಾಕ್ಟರರ ಬಾಗಿಲು ಕಾಯುತ್ತ ಕಾಯುತ್ತ ಅರ್ಧ ಡಾಕ್ಟರನೇ ಆಗಿದ್ದ. ಇದರಲ್ಲಿ ಆಂಟಿಆಕ್ಸಿಡೆಂಟ್ ಇರುತ್ತದೆ, ಪೆಟ್ಟು ತಿಂದ ಮೆದುಳಿನ ತುಕ್ಕು ತೆಗೆಯುತ್ತದೆ, ಇಲಿಗಳಿಗೆ ಕುಡಿಸಿ ನೋಡಿದ್ದಾರೆ ಎಂದಿದ್ದ. ಆ ಇಲಿಗಳು ಹೆಂಡಂದಿರ ಗುರುತು ಹಿಡಿದವೇನು ಎಂದು ಅಕ್ಕವ್ವ ಕೇಳಿದಳು. ಅವನು ಹಾಲು ಸಕ್ಕರೆ ಮುಟ್ಟಿಸಬಾರದೆಂಬ ಪಥ್ಯ ಹೇಳಿದ. ಕಣ್ಣು ಹಾಯಿಸಿದಲ್ಲೆಲ್ಲ ಕಬ್ಬು ಬೆಳೆಯುವ ಊರಲ್ಲಿ ಮನೆಯ ಯಜಮಾನನಿಗೆ ಸಪ್ಪೆ ಚಹಾ! ಆದರೂ ಎದೆ ಕಲ್ಲು ಮಾಡಿಕೊಂಡು ಕೊಡುತ್ತಿದ್ದಳು.

ಅಷ್ಟರಲ್ಲಿ ರಾವಸಾಹೇಬನೇ ಬಂದ, ತನ್ನ ಔಷಧಿಯ ಗುಣ ನೋಡಲು. ಇನ್ನೊಂದು ಕಪ್ಪು ಮಾಡಿಸಿ, "ತೊಗೋರಿ ದಾಜಿ" ಎಂದು ಅಕ್ಕನ ಗಂಡನಿಗೆ ತಾನೇ ಕೈಯಾರೆ ಕೊಟ್ಟ. ಮುರಗೆಪ್ಪ ಒಂದು ಗುಟುಕು ಬಾಯಿಗೆ ಹಾಕಿದವನು ನುಂಗಲಿಲ್ಲ. ಭಾವಮೈದುನನ ಮುಖವನ್ನೇ ದಿಟ್ಟಿಸಿದ. ಆಮೇಲೆ ಅವನ ಇಸ್ತ್ರಿ ಪ್ಯಾಂಟಿನ ಮೇಲೆ ಪುರ್ರೆಂದು ಉಗುಳಿದ.

"ಲೇ ಅಕ್ಕವ್ವಾ, ನಿನ್ನ ತಮ್ಮ ಇನ್ನೂ ಸುಧಾರಿಸಿಲ್ಲ ನೋಡ. ಮದಿವ್ಯಾಗ ಉಪ್ಪಿನ ಚಹಾ ಕುಡಿಸಿದ್ದ, ಮಂಗ್ಯಾನ ಮಗ. ಈಗ ಇದು!"

ರಾವಸಾಹೇಬ ಪ್ಯಾಂಟು ಒರೆಸಿಕೊಳ್ಳುತ್ತಲೇ ಹಿಗ್ಗಿದ. "ನೋಡಕ್ಕಾ, ಆಂಟಿಆಕ್ಸಿಡೆಂಟ್ ಕೆಲಸ ಮಾಡಾಕತ್ತೈತಿ."

ಅಕ್ಕವ್ವನಿಗೆ ಅದು ಕೇಳಿಸಲಿಲ್ಲ. ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು. ಸಕ್ಕರೆ ಹಾಕಿ ಬೇರೆ ಚಹಾ ಮಾಡು ಎಂದು ಹೊರಗಿಂದ ಗದರುವ ದನಿ ಬಂತು. ಸಕ್ಕರೆ ಡಬ್ಬಿ ತೆರೆದವಳು ಒಂದು ಗಳಿಗೆ ನಿಂತಳು. ಇನ್ನೊಂದು ಸಲ ಬೈಯಲಿ ಅನ್ನಿಸಿತು. ಡಬ್ಬಿಯ ಮುಚ್ಚಳ ಹಾಕಿ, ಸಪ್ಪೆ ಚಹಾವನ್ನೇ ಸೋಸಿದಳು.