ಭಾರದ ಗುಂಡು

ಮೊದಲ ಗುಂಡು ಗುರಿಯ ಕಬ್ಬಿಣದ ತಟ್ಟೆಗಿಂತ ಒಂದು ಮೊಳ ಕೆಳಗೆ ಮಣ್ಣು ಚಿಮ್ಮಿಸಿತು. ಹಿಂದೆ ಬೆಂಚಿನ ಮೇಲೆ ಕೂತಿದ್ದ ಕ್ಲಬ್ಬಿನ ಮಂದಿ ಗೊಳ್ಳೆಂದು ನಕ್ಕರು.

“ಸ್ಪ್ರಿಂಗ್ ಬಂದೂಕಲ್ಲಿ ಹಗುರದ ಗುಂಡೇ ಅಲ್ಲೀತನಕ ಏದುಸಿರು ಬಿಡ್ತಾ ಹೋಗುತ್ತೆ. ಇವರು ಭಾರದ್ದು ತಂದಿದ್ದಾರೆ!” ಎಂದ ಒಬ್ಬ ಮೀಸೆಯವನು.

ಬಂದೂಕು ಹಿಡಿದು ಮಲಗಿದ್ದ ದರ್ಜಿಯಮ್ಮ ತಿರುಗಿ ನೋಡಲಿಲ್ಲ. ಎಲ್ಲರ ಕೈಯಲ್ಲೂ ಗಾಳಿ ಸಿಲಿಂಡರಿನ ಹೊಸ ಬಂದೂಕು. ಅವಳ ಕೈಯಲ್ಲಿ ಮಾತ್ರ ಹಳೇ ಸ್ಪ್ರಿಂಗ್ ಏರ್‌ಗನ್. ಎಪ್ಪತ್ತು ಮೀಟರಿನ ಸ್ಪರ್ಧೆಗೆ ಸ್ಪ್ರಿಂಗಿನವರು ಇನ್ನು ಬೇಡವೆಂದು ಸದಸ್ಯರು ಹೊಸ ನಿಯಮ ಬರೆದು ಪಟ್ಟು ಹಿಡಿದಿದ್ದರು. ಕಾರ್ಯದರ್ಶಿಯೋ, ಅವಳ ಸ್ವಂತ ತಮ್ಮ. ಅಡಕತ್ತರಿಯಲ್ಲಿ ಸಿಕ್ಕಿದ ಅವನು ಒಂದು ದಾರಿ ಹುಡುಕಿದ್ದ: ಐದು ಗುಂಡಿನಲ್ಲಿ ಮೂರು ತಟ್ಟೆಗೆ ಬಡಿದರೆ ಅಕ್ಕನ ಜಾಗ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಕಳೆದ ಸಲ ಅವಳ ಹಗುರದ ಗುಂಡುಗಳನ್ನು ಗಾಳಿ ಎತ್ತೆತ್ತಲೋ ಒಯ್ದಿತ್ತು. ಭಾರದ್ದು ನಿಧಾನ, ಬೇಗ ಇಳಿಯುತ್ತದೆ, ಆದರೆ ಗಾಳಿಗೆ ಅಷ್ಟು ಸುಲಭವಾಗಿ ಜಗ್ಗುವುದಿಲ್ಲ ಎಂಬುದು ಅವಳ ಅಂದಾಜು. ಆ ಗುಂಡಿನ ಡಬ್ಬಿ ಕೈಸೇರಿದ್ದೇ ನಿನ್ನೆ ಸಂಜೆ. ಅಭ್ಯಾಸಕ್ಕೆ ಹೊತ್ತೇ ಸಿಕ್ಕಿರಲಿಲ್ಲ.

“ಎಷ್ಟು ಇಳೀತು ರೀ?” ಪಕ್ಕದಲ್ಲಿ ಬೈನಾಕ್ಯುಲರ್ ಹಿಡಿದು ಬೋರಲು ಮಲಗಿದ್ದ ಗಂಡನನ್ನು ಕೇಳಿದಳು.

“ಒಂದು ಮೊಳ. ಜಾಸ್ತಿನೂ ಇಲ್ಲ, ಕಮ್ಮಿನೂ ಇಲ್ಲ.”

ಅವಳು ತಟ್ಟೆಯನ್ನು ಬಿಟ್ಟು, ಅದನ್ನು ನೇತುಹಾಕಿದ್ದ ಕಂಬದ, ಒಂದು ಮೊಳ ಮೇಲಿನ ತುದಿಗೆ ಗುರಿ ಹಿಡಿದಳು. ಬಂದೂಕಿನ ಕುದುರೆ ಎಳೆದಳು. ತಟ್ಟೆಯಿಂದ ಸದ್ದಿಲ್ಲ.

“ಇದೂ ಹೋಯ್—” ಎಂದು ಮೀಸೆಯವನು ಅನ್ನುವಷ್ಟರಲ್ಲಿ ದೂರದಿಂದ ಟಣ್ ಎಂದಿತು.

ಮೂರನೆಯದೂ ಟಣ್. ನಾಲ್ಕನೆಯದಕ್ಕೆ ಅವಸರಪಟ್ಟಳು, ತಪ್ಪಿತು. ಐದನೆಯದರ ಹೊತ್ತಿಗೆ ಬಿರುಗಾಳಿಯೇ ಎದ್ದು ಶೆಡ್ಡಿನ ಟಾರ್ಪಾಲು ಪಟಪಟ ಬಡಿಯತೊಡಗಿತು. ಗಾಳಿ ತುಸು ತಗ್ಗುವವರೆಗೆ ಉಸಿರು ಬಿಗಿಹಿಡಿದು ಕಾದು ಹೊಡೆದಳು. ಟಾರ್ಪಾಲಿನ ಗದ್ದಲದಲ್ಲಿ ಯಾರಿಗೂ ಏನೂ ಕೇಳಿಸಲಿಲ್ಲ. ತಟ್ಟೆ ಮಾತ್ರ ತೂಗಾಡುತ್ತಿತ್ತು.

“ತಗುಲ್ತು!” ಅಂಕ ಬರೆಯಲು ನಿಂತಿದ್ದ ತಮ್ಮ ತನ್ನ ದುರ್ಬೀನಿನಿಂದ ಕಣ್ಣು ಕೀಳದೆ ಕೂಗಿದ. ಗಂಡ ಎದ್ದು ಕುಣಿದೇಬಿಟ್ಟ.

ದರ್ಜಿಯಮ್ಮನಿಗೆ ಮಾತ್ರ ಯಾಕೋ ಸಮಾಧಾನವಾಗಲಿಲ್ಲ. ಸೂಜಿ ಬಟ್ಟೆಗೆ ಇಳಿಯಿತೋ ಜಾರಿತೋ ಎಂಬುದು ಅವಳ ಬೆರಳಿಗೆ ಕಣ್ಣಿಗಿಂತ ಮೊದಲೇ ಗೊತ್ತಾಗುತ್ತಿತ್ತು. ಕೆಂಪು ಬಾವುಟ ಏರಿಸಿ, ಎಲ್ಲರ ಬಂದೂಕು ಕೆಳಗಿಡಿಸಿ, ತಟ್ಟೆಯವರೆಗೆ ನಡೆದಳು. ತಮ್ಮ ಹಿಂದೆಯೇ ಓಡಿಬಂದ. ಆಟಕ್ಕೆ ಮುಂಚೆ ಬಳಿದ ಬಿಳಿ ಬಣ್ಣದ ಮೇಲೆ ಸೀಸದ ಬೂದು ಗುರುತು ಎರಡೇ ಇದ್ದವು.

“ಮೂರನೇದು ಎಲ್ಲೋ?”

“ತಟ್ಟೆ ಅಲ್ಲಾಡ್ತಲ್ಲಕ್ಕ.”

“ಗಾಳಿಗೆ ಅಲ್ಲಾಡ್ತು. ನಿಂಗೆ ಕಾಣ್ಲಿಲ್ವಾ?”

“ಕಾಣಿಸ್ತು,” ಎಂದ ಅವನು, ಶೂ ತುದಿಯಿಂದ ಮಣ್ಣು ಕೆದಕುತ್ತ. “ಬಿಡಕ್ಕ. ಮುಂದಿನವನಿಗೆ ಹೇಗೂ ಬಣ್ಣ ಬಳೀತೀವಿ. ಯಾರಿಗೆ ಗೊತ್ತಾಗುತ್ತೆ?”

ಒಂದು ಗಳಿಗೆ ಅವಳಿಗೂ ಆಸೆಯಾಯಿತು. ಆಮೇಲೆ ನಗು ಬಂತು.

“ಅಕ್ಕನ ಮೇಲೆ ಪ್ರೀತಿ ಇದ್ರೆ ಊಟಕ್ಕೆ ಕರಿ. ಪಟ್ಟೀಲಿ ಮಾತ್ರ ಎರಡು ಅಂತ ಬರಿ.”

ವಾಪಸು ಬಂದವಳೇ ಬೆಂಚಿನವರಿಗೆಲ್ಲ ಕೇಳುವಂತೆ, “ಎರಡೇ ಬಿದ್ದಿರೋದು. ಐದನೇದು ತಪ್ಪಿದೆ,” ಎಂದು ಹೇಳಿ ಬಂದೂಕನ್ನು ಚೀಲಕ್ಕಿಡತೊಡಗಿದಳು. ಗಂಡನ ಮುಖ ಸಪ್ಪಗಾಯಿತು. ಬೆಂಚಿನಲ್ಲಿ ಯಾರೂ ನಗಲಿಲ್ಲ.

ಮೀಸೆಯವನು ಗಂಟಲು ಸರಿಮಾಡಿಕೊಂಡು ಎದ್ದುಬಂದ. “ಇದರಲ್ಲಿ ಎರಡು ಹೊಡೆದಿದ್ದಾದ್ರೂ ಹೇಗ್ರಮ್ಮಾ? ಒಂದು ಗುಂಡು ನಾನೂ ಹೊಡೀಲಾ?”

ಹೊಡೆದ. ಮಣ್ಣು ಚಿಮ್ಮಿತು. “ಇನ್ನೊಂದೇ ಒಂದು,” ಎಂದ. ಇನ್ನೊಬ್ಬ ಅವನನ್ನು ಪಕ್ಕಕ್ಕೆ ತಳ್ಳಿ ತಾನು ಮಲಗಿದ. ನೋಡನೋಡುತ್ತಿದ್ದಂತೆ ಆ ಹಳೇ ಬಂದೂಕಿನ ಹಿಂದೆ ಒಂಬತ್ತು ಜನರ ಸಾಲು ಬೆಳೆಯಿತು. ಸಾಲಿನ ಕೊನೆಯಲ್ಲಿ, ಹೊಸ ನಿಯಮದ ಕಾಗದವನ್ನು ಸಣ್ಣಗೆ ಮಡಚಿ ಮುಷ್ಟಿಯೊಳಗೆ ಹಿಡಿದುಕೊಂಡು, ಕಾರ್ಯದರ್ಶಿ ನಿಂತಿದ್ದ.